ಚಳಿಗಾಲದ ರಜೆಯಲ್ಲಿ ಬಾಗಿಲು ತೆರೆಸಿದವರು

ಸಸ್ಯರೋಗ ವಿಜ್ಞಾನದಲ್ಲಿ ದುಡಿದ ಕನ್ನಡ ನಾಡಿನ ವಿದ್ವಾಂಸರನ್ನು ನೆನೆಯುವಾಗ ಪ್ರೊ. ಧನಲಕ್ಷ್ಮಿಯವರ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ಚಿಕ್ಕಜಾಲದಿಂದ ದೇವನಹಳ್ಳಿಯವರೆಗೆ ಒಂದು ಕಾಲಕ್ಕೆ ಹಬ್ಬಿದ್ದ ನೀಲಿ ದ್ರಾಕ್ಷಿಯ ಚಪ್ಪರಗಳನ್ನು ಕಾಡುತ್ತಿದ್ದ ಬೂಜು ರೋಗದ ಮೇಲೆ ಅವರು ನಡೆಸಿದ ಅಧ್ಯಯನ ಪ್ರಯೋಗಾಲಯದ ಗೋಡೆಗಳನ್ನು ದಾಟಿ ತೋಟಗಳಿಗೆ ಹೋಯಿತು; ಅವರು ಸೂಚಿಸಿದ ಸಿಂಪಡಣೆಯ ಕ್ರಮವನ್ನು ಆ ಕಡೆಯ ಬೆಳೆಗಾರರು ಇಂದಿಗೂ "ಮೇಡಂ ಔಸ್ತಿ" ಎಂದೇ ಕರೆಯುತ್ತಾರೆ. ಅವರ ವೈಜ್ಞಾನಿಕ ಸಾಧನೆಯನ್ನು ಕುರಿತು, ಅವರ ನಿವೃತ್ತಿಯ ಗೌರವಾರ್ಥ ಹೊರಡುತ್ತಿರುವ ಈ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ನಾನು ಕನ್ನಡ ವಿಭಾಗದವಳು, ಅವರ ತರಗತಿಯಲ್ಲಿ ಒಂದು ದಿನವೂ ಕುಳಿತವಳಲ್ಲ. ಆದರೂ ಸಂಪಾದಕರು ಫೋನ್ ಮಾಡಿ ಮಾತು ಮುಗಿಸುವ ಮೊದಲೇ "ಬರೆಯುತ್ತೇನೆ" ಎಂದುಬಿಟ್ಟೆ. ಮರೆಯಲಾಗದ ಒಂದು ಚಳಿಗಾಲವನ್ನು ಅವರ ಜೊತೆ ಕಳೆದವಳು ನಾನು. ಅದನ್ನು ಹೇಳುವ ಅವಕಾಶ ಕೊನೆಗೂ ಸಿಕ್ಕಿತಲ್ಲ ಎಂಬ ಸಂಭ್ರಮದಲ್ಲಿ ಪೆನ್ನು ಹಿಡಿದಿದ್ದೇನೆ.

ಧನಲಕ್ಷ್ಮಿಯವರು ಚಿಕ್ಕಜಾಲದ ಹಳೆಯ ಒಕ್ಕಲು ಮನೆತನದಲ್ಲಿ ಹುಟ್ಟಿದವರು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ತೊಂಬತ್ತರ ದಶಕದ ಆರಂಭದಲ್ಲಿ ಯಲಹಂಕದ ಸಮೀಪದ ನಮ್ಮ ವಿಶ್ವವಿದ್ಯಾಲಯಕ್ಕೆ ಉಪನ್ಯಾಸಕಿಯಾಗಿ ಸೇರಿದರು. ಪಾಠ, ಸಂಶೋಧನೆಗಳ ನಡುವೆಯೇ ಯಾರೂ ಇಷ್ಟಪಟ್ಟು ಹೊರದ ಒಂದು ಹೊಣೆಯನ್ನು, ಅಂದರೆ ವಿದ್ಯಾರ್ಥಿ ಕ್ಷೇಮಪಾಲನೆಯನ್ನು, ತಾವಾಗಿ ಕೇಳಿ ಪಡೆದರು. ದಿನಪತ್ರಿಕೆಯಲ್ಲಿ ಬರುವ ಕೆಲಸವಲ್ಲ ಅದು. ಹಾಸ್ಟೆಲಿನ ನೀರು, ಮೆಸ್ಸಿನ ಅನ್ನ, ಜ್ವರ ಬಂದ ಹುಡುಗಿ, ಹಠಾತ್ತನೆ ಮಾತು ನಿಲ್ಲಿಸಿದ ಹುಡುಗ, ಇವೇ ಅದರ ದಿನಚರಿ. ೨೦೧೨ರಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ಬಿಟ್ಟು ರೈಲು ಹತ್ತಿದಾಗ, ಧನಲಕ್ಷ್ಮಿಯವರು ಚಾಪೆ, ಹೊದಿಕೆ ಹೊತ್ತು ಹಾಸ್ಟೆಲಿಗೆ ಬಂದು ಆ ವಿದ್ಯಾರ್ಥಿನಿಯರ ಕೋಣೆಯಲ್ಲೇ ಬಿಡಾರ ಹೂಡಿದ್ದರಂತೆ. "ಹೋಗೋರು ಹೋಗ್ಲಿ, ತಡಿಯಲ್ಲ. ಇರ್ತೀನಿ ಅನ್ನೋರ ಜೊತೆ ನಾನಿರ್ತೀನಿ" ಎಂದರಂತೆ. ಆ ಕೋಣೆಯ ಒಬ್ಬ ಹುಡುಗಿಯೂ ಊರು ಬಿಡಲಿಲ್ಲ ಎಂದು ಹಿರಿಯರು ಈಗಲೂ ಹೇಳುತ್ತಾರೆ.

ಇನ್ನು ನಾನು ಕಂಡದ್ದು.

೨೦೨೦ರ ನವೆಂಬರಿನಲ್ಲಿ ವಿಶ್ವವಿದ್ಯಾಲಯಗಳು ಅರ್ಧ ಬಾಗಿಲು ತೆರೆದವು. ಕೊನೆಯ ವರ್ಷದವರೂ ಸಂಶೋಧನಾ ವಿದ್ಯಾರ್ಥಿಗಳೂ ಮಾಸ್ಕು ಕಟ್ಟಿಕೊಂಡು ಒಬ್ಬೊಬ್ಬರಾಗಿ ಹಿಂತಿರುಗಿದರು. ಬೀದರ್ ಕಡೆಯ ಕನ್ನಡದ ನುಡಿಗಟ್ಟುಗಳ ಮೇಲಿನ ನನ್ನ ಮಹಾಪ್ರಬಂಧ ಮುಗಿಯುವ ಹಂತದಲ್ಲಿತ್ತು. ಗ್ರಂಥಾಲಯದ ಕೆಲಸ ಮುಗಿಸಿ ಬೇಗ ಊರಿಗೆ ಹೋಗಿಬಿಡುವುದೆಂದು ಲೆಕ್ಕ ಹಾಕಿ ಡಿಸೆಂಬರ್ ಆರಂಭದಲ್ಲಿ ಬೀದರಿನಿಂದ ಬಂದೆ. ಆಗ ನಾನು ಗರ್ಭಿಣಿ. ನನ್ನ ಪತಿ ರಹಮತುಲ್ಲಾ ಸರಕು ಹಡಗಿನ ಎಂಜಿನಿಯರ್. ಆಗಸ್ಟಿನಲ್ಲಿ ಹಡಗು ಹತ್ತಿದವರು ಡಿಸೆಂಬರಿಗೆ ಇಳಿಯಬೇಕಿತ್ತು. ಆದರೆ ಯಾವ ಬಂದರೂ ನಾವಿಕರನ್ನು ದಡಕ್ಕೆ ಬಿಡುತ್ತಿರಲಿಲ್ಲ, ಪೂರ್ವದ ಯಾವುದೋ ಬಂದರಿನಾಚೆ ಅವರ ಹಡಗು ಲಂಗರು ಹಾಕಿ ನಿಂತಿತ್ತು. ಅತ್ತೆ ಮಾವ ನಮ್ಮ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ನನಗಿದ್ದುದು ಬೀದರಿನ ತವರೊಂದೇ. ಡಿಸೆಂಬರ್ ನಡುವಿಗೆ ಅಲ್ಲಿ ಅಪ್ಪ ಸೋಂಕು ತಗುಲಿ ಆಸ್ಪತ್ರೆ ಸೇರಿದರು, ಅಮ್ಮ ಜ್ವರದಲ್ಲಿ ಮನೆಯೊಳಗೇ ಒಬ್ಬಂಟಿಯಾದರು. "ಬರಬೇಡ ಬೇಟಿ, ಬಂದರೆ ನಿನ್ನ ಮುಟ್ಟೋದಕ್ಕೂ ಆಗಲ್ಲ" ಎಂದು ಅಮ್ಮ ಫೋನಿನಲ್ಲಿ ಅತ್ತರು.

ಅದೇ ವಾರ ಸುತ್ತೋಲೆ ಹೊರಟಿತು: ಸಂಕ್ರಾಂತಿಯವರೆಗೆ ಚಳಿಗಾಲದ ರಜೆ, ಹಾಸ್ಟೆಲುಗಳೆಲ್ಲ ಬಂದ್, ಎಲ್ಲರೂ ಕೋಣೆ ತೆರವು ಮಾಡತಕ್ಕದ್ದು. ಮೆಸ್ಸಿನವರು ಆಗಲೇ ಪಾತ್ರೆ ಕಟ್ಟಿದ್ದರು.

ಹೋಗಲು ಜಾಗವಿಲ್ಲದವಳು ನಾನೊಬ್ಬಳೇ ಅಲ್ಲ. ಮಣಿಪುರದವರಿದ್ದರು, ನೇಪಾಳದವರಿದ್ದರು, ಕಾಶ್ಮೀರದ ಅಕ್ಕತಂಗಿಯರಿದ್ದರು. ಬಳ್ಳಾರಿ ಕಡೆಯ ಸುನೀಲ್ ಇದ್ದ. ಅವನ ತಂದೆ ತಾಯಿ ಕೆಲಸ ಹುಡುಕಿ ಬೇರೆ ರಾಜ್ಯಕ್ಕೆ ಹೋಗಿ, ಇಡೀ ಕುಟುಂಬ ಕಟ್ಟಡದ ಕೆಲಸದ ಷೆಡ್ಡಿನಲ್ಲಿ ಮಲಗುತ್ತಿತ್ತು. ಮನೆಗೆ ಹೋಗುವುದಿಲ್ಲ ಎಂದಷ್ಟೇ ಹೇಳಿ ಸುಮ್ಮನಾದ ಒಬ್ಬ ಹುಡುಗಿಯೂ ಇದ್ದಳು. ಧನಲಕ್ಷ್ಮಿಯವರು ಅವಳನ್ನು ಕಾರಣ ಕೇಳಲಿಲ್ಲ, ಬೇರೆಯವರು ಕೇಳದಂತೆಯೂ ನೋಡಿಕೊಂಡರು. ನಾವೆಲ್ಲ ಆಡಳಿತ ಕಚೇರಿಯ ಮುಂದಿನ ಮರದ ಕೆಳಗೆ ದೂರ ದೂರ ನಿಂತಿದ್ದಾಗ ಅವರು ಕುಲಸಚಿವರ ಕೊಠಡಿಗೆ ಹೋದರು. ಸೋಂಕಿನ ಭಯಕ್ಕೆ ಆ ಕಾಲದಲ್ಲಿ ಕಚೇರಿಯ ಕಿಟಕಿಗಳೆಲ್ಲ ತೆರೆದೇ ಇರುತ್ತಿದ್ದುದರಿಂದ ಒಳಗಿನ ಮಾತು ನಮಗೆ ಚೆನ್ನಾಗಿ ಕೇಳಿಸಿತು.

"ಮೇಡಂ, ನಾಳೆ ಯಾರಿಗಾದ್ರೂ ಏನಾದ್ರೂ ಆದ್ರೆ ಹೊಣೆ ಯಾರು?"

"ನಾನು ಸರ್. ಬರ್ದು ಕೊಡ್ಲಾ?"

"ಬರ್ದು ಕೊಟ್ರೂ ಕಟ್ಟಡ ನಡ್ಸೋಕೆ ಜನ ಬೇಕಲ್ಲ. ಎಲ್ರೂ ರಜೆ ಮೇಲೆ ಹೋಗ್ತಿದಾರೆ. ಆಮೇಲೆ ನೋಡೋಣ."

"ನೋಡೋಣ ಅಂದ್ರೆ ಆಗಲ್ಲ ಸರ್, ಆ ಮಕ್ಳು ಈಗ್ಲೇ ಮರದ್ ಕೆಳಗೆ ನಿಂತಿದಾವೆ. ಕಟ್ಟಡ ನಾನ್ ಹುಡುಕ್ತೀನಿ. ನೀವು ಊಟದ ಖರ್ಚು, ಒಂದು ವ್ಯಾನು ಕೊಡಿ. ಇಷ್ಟೇ ಕೇಳ್ತಿರೋದು."

ಕುಲಸಚಿವರು ನಕ್ಕು "ಆಯ್ತು" ಎಂದದ್ದು ಕೇಳಿತು. ಮೇಡಂ ಹೊರಗೆ ಬಂದವರೇ, "ಏನ್ ಹಿಂಗ್ ನಿಂತಿದೀರಾ, ಬಟ್ಟೆ ಬರೆ ಕಟ್ಕೊಳ್ಳಿ!" ಎಂದು ಜೋರಾಗಿ ಹೇಳಿದರು. ಯಾವ ಕಟ್ಟಡ, ಎಲ್ಲಿ, ಆ ಗಳಿಗೆಯಲ್ಲಿ ಅವರಿಗೂ ಗೊತ್ತಿರಲಿಲ್ಲವೆಂದು ಬಹಳ ದಿನಗಳ ಮೇಲೆ ನನಗೆ ತಿಳಿಯಿತು.

ವಿಮಾನ ನಿಲ್ದಾಣ ರಸ್ತೆಯ ಎರಡೂ ಬದಿಯ ಹಳ್ಳಿಗಳಲ್ಲಿ ಹೊಲ ಇದ್ದವರು ಕಟ್ಟಿಸಿದ ಪಿ.ಜಿ. ವಸತಿ ಕಟ್ಟಡಗಳು ಆ ವರ್ಷ ಮಾರ್ಚಿನಿಂದ ಖಾಲಿ ಬಿದ್ದಿದ್ದವು. ಚಿಕ್ಕಜಾಲದಲ್ಲಿ ಮೇಡಂ ಅವರ ಸೋದರತ್ತೆ ಮುನಿಕೆಂಪಮ್ಮನವರದೂ ಅಂಥ ಒಂದು ನಾಲ್ಕು ಮಹಡಿಯ ಕಟ್ಟಡ. ಅದನ್ನು ನೋಡಿಕೊಳ್ಳುತ್ತಿದ್ದವರು ಅವರ ಮಗ ವಿಜಯ್ ಕುಮಾರ್. ಆ ಮನೆಯ ಯಜಮಾನರಾದ ಪಿಳ್ಳಪ್ಪನವರು ಆಗಸ್ಟಿನಲ್ಲಿ ಇದೇ ಸೋಂಕಿಗೆ ತೀರಿಕೊಂಡಿದ್ದರು. ಇದೆಲ್ಲ ಗೊತ್ತಿದ್ದೂ ಮೇಡಂ ಅಲ್ಲಿಗೇ ಹೊರಟರು, ಜೊತೆಗೆ ನನ್ನನ್ನೂ ಕರೆದೊಯ್ದರು. "ನೀನ್ ಮಾತಾಡ್ಬೇಕಾಗಿಲ್ಲ, ಬಂದ್ ಕೂತ್ಕೋ ಸಾಕು" ಎಂದರು.

ಅಂಗಳದಲ್ಲಿ ದೂರ ದೂರ ಕುರ್ಚಿ ಹಾಕಿಸಿದ್ದರು. ವಿಜಯ್ ಕುಮಾರ್ ಕೂರಲಿಲ್ಲ.

"ಅಕ್ಕ, ನಿಂಗೆ ಗೊತ್ತಿಲ್ದಿರೋದೇನೈತೆ? ಅಪ್ಪನ್ನ ಆಂಬುಲೆನ್ಸ್‌ಗೆ ಅತ್ತಿಸ್ದೋನು ನಾನು. ಆಮೇಲೆ ಮೊಕ ನೋಡೋಕೂ ಸಿಗ್ಲಿಲ್ಲ. ಈಗ ಎಲ್ಲೆಲ್ಲಿಂದ್ಲೋ ಬಂದೋರ್ನ ತಂದು ಅಮ್ಮನ್ ಪಕ್ಕದಾಗೆ ಮಡಗ್ತೀನಿ ಅಂತೀಯ. ಆಗಕಿಲ್ಲ."

ಮೇಡಂ ವಾದಕ್ಕೆ ಇಳಿಯಲಿಲ್ಲ. "ನಿನ್ ಭಯ ಸುಳ್ಳಲ್ಲ ಕಣೋ" ಎಂದು ಮೆತ್ತಗೆ ಹೇಳಿದರು. "ಮಾವನ್ನ ಕಳ್ಕೊಂಡಿರೋದು ನಾನೂ. ಅದಕ್ಕೇ ಕೇಳು. ಒಳಗೆ ಬರೋಕ್ ಮುಂಚೆ ಪ್ರತಿಯೊಬ್ರಿಗೂ ಟೆಸ್ಟ್. ಹಿಂದಿನ್ ಮೆಟ್ಲು ಮಾತ್ರ ಅವ್ರಿಗೆ, ನಿಮ್ ಅಂಗಳಕ್ಕೆ ಯಾರೂ ಕಾಲಿಡಲ್ಲ. ಮೇಲಿನ್ ಮಹಡಿ ಖಾಲಿ ಇರುತ್ತೆ, ಯಾರಿಗಾದ್ರೂ ಜ್ವರ ಬಂದ್ರೆ ಅವ್ರು ಅಲ್ಲಿ. ನಾನೂ ರಜೆ ಮುಗಿಯೋವರ್ಗೂ ಇಲ್ಲೇ ಮಲಗ್ತೀನಿ. ಬಳ್ಳಿಗೆ ರೋಗ ಬಂದಾಗ ತೋಟ ಸುಟ್ಟಾಕ್ತೀವಾ? ಸಾಲು ಬೇರೆ ಮಾಡ್ತೀವಿ, ಗಾಳಿ ಆಡೋಕ್ ಬಿಡ್ತೀವಿ, ದಿನಾ ನೋಡ್ತೀವಿ. ನನ್ ಜೀವನ್ದಲ್ಲಿ ನಾನ್ ಮಾಡ್ಕೊಂಡ್ ಬಂದಿರೋದು ಇದೊಂದೇ ಕೆಲ್ಸ."

ವಿಜಯ್ ಕುಮಾರ್ ಆಗದೆಂದು ತಲೆ ಅಲ್ಲಾಡಿಸುತ್ತಲೇ ಇದ್ದರು. ಅಷ್ಟರಲ್ಲಿ ಜಗಲಿಯ ಮೇಲೆ ಕುಳಿತಿದ್ದ ಮುನಿಕೆಂಪಮ್ಮನವರು ನನ್ನತ್ತ ಗಲ್ಲ ಎತ್ತಿ ಕೇಳಿದರು:

"ಎಷ್ಟ್ ತಿಂಗ್ಳಮ್ಮ?"

"ಎಂಟು ನಡೀತಿದೆ ಅಜ್ಜಿ."

"ನಿಮ್ಮವ್ವ ಎಲ್ಲವ್ಳೆ?"

"ಬೀದರಲ್ಲಿ. ಜ್ವರ. ಅಪ್ಪ ಆಸ್ಪತ್ರೇಲಿದಾರೆ."

"ನಿನ್ ಗಂಡ?"

"ಸಮುದ್ರದ ಮೇಲೆ."

ಅವರು ಮಗನ ಕಡೆ ತಿರುಗಿ, "ಇಜಿ, ಇಂಗೆ ಒಟ್ಟೇಲ್ ಮಗೀನ್ ಇಟ್ಕಂಡ್ ಬಂದೋಳ್ನ ನಮ್ ಮನೆ ಬಾಗ್ಲಿಂದ ಇಂದಕ್ ಕಳಿಸ್ದೋರು ಯಾರೂ ಇಲ್ಲ. ನಿಮ್ಮಪ್ಪ ಇದ್ದಿದ್ರೂ ಕಳಿಸ್ತಿರ್ಲಿಲ್ಲ. ಬೀಗದ್ ಕೈ ತಕ್ಕಂಬಾ" ಎಂದರು.

ವಿಜಯ್ ಕುಮಾರ್ ಒಳಗೆ ಹೋಗಿ ಬೀಗದ ಕೈ ತಂದು ಜಗಲಿಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಬೈಕ್ ಹತ್ತಿ ಹೊರಟುಹೋದರು.

ಹೀಗೆ ನಮ್ಮ ರಜೆಯ ಮನೆ ತೆರೆಯಿತು. ಬಂದ ದಿನವೇ ಮೇಡಂ ಗೋಡೆಗೆ ಕೆಲಸದ ಸರದಿ ಅಂಟಿಸಿದರು. ಅಡುಗೆ ಸುನೀಲನ ಪಾಲಿಗೆ ಬಂತು, ಏಕೆಂದರೆ ಅವನು ಮಾಡಿದ ಉಪ್ಪಿಟ್ಟು ಮಾತ್ರ ಎಲ್ಲರ ಗಂಟಲಲ್ಲೂ ಇಳಿಯುತ್ತಿತ್ತು. ತಾರಸಿಯ ಷೆಡ್ಡು ಓದುವ ಮನೆಯಾಯಿತು. ವ್ಯಾನಿನ ಚಾಲಕ ಸತೀಶ್ ವಾರಕ್ಕೊಮ್ಮೆ ಗ್ರಂಥಾಲಯದಿಂದ ನಾವು ಕೇಳಿದ ಪುಸ್ತಕಗಳನ್ನು ಪೆಟ್ಟಿಗೆಯಲ್ಲಿ ತುಂಬಿ ತರುತ್ತಿದ್ದರು. ಮೇಡಂ ಅವರ ಸ್ನೇಹಿತೆಯಾದ ವೈದ್ಯೆ ವೇದಾ ಅವರು ಬೆಳಿಗ್ಗೆ ಬೆಳಿಗ್ಗೆ ವೀಡಿಯೊದಲ್ಲಿ ಬಂದು ಎಲ್ಲರನ್ನೂ ಮಾತಾಡಿಸುವರು. ನನ್ನ ವಿಷಯಕ್ಕೆ ಮಾತ್ರ ಗಂಗಾನಗರದಿಂದ ಖುದ್ದಾಗಿ ಬರುತ್ತಿದ್ದರು. ಸಂಜೆ ದೊಡ್ಡ ಟಿ.ವಿ.ಗೆ ಫೋನ್ ಜೋಡಿಸಿ ಒಬ್ಬೊಬ್ಬರ ಮನೆಯವರನ್ನೂ ಸರದಿಯಲ್ಲಿ ಕರೆಯುವ ಪದ್ಧತಿ ಹಾಕಿದರು. ನೇಪಾಳದ ಯಾವುದೋ ಬೆಟ್ಟದ ಊರಿನ ಅಜ್ಜ ಅಜ್ಜಿಯರು ನಮ್ಮೆಲ್ಲರಿಗೂ ಒಟ್ಟಿಗೆ ಕೈ ಬೀಸುವುದನ್ನು ಕಂಡಾಗ ನನ್ನ ಹೊಟ್ಟೆಯೊಳಗಿನ ಕೂಸು ಕೂಡ ಒದ್ದದ್ದುಂಟು.

ಅದು ಅವರೆಕಾಯಿಯ ಕಾಲ. ಮುನಿಕೆಂಪಮ್ಮನವರು ತಮ್ಮ ಅಂಗಳದಿಂದ ಮೂಟೆ ಮೂಟೆ ಸೊನೆಗಾಯಿಯನ್ನು ಹಿಂದಿನ ಮೆಟ್ಟಿಲ ಬುಡಕ್ಕೆ ಇಡಿಸುವರು. ನಾವು ಬಿಸಿಲಿಗೆ ತಾರಸಿಯಲ್ಲಿ ಕೂತು ಸುಲಿಯುವುದು, ನೆನೆಸಿದ ಕಾಳನ್ನು ಹಿತುಕುವುದು. ಮಣಿಪುರದ ಹುಡುಗನೊಬ್ಬ ಹಿತುಕಿದ ಬೇಳೆ ಹಾರಿಹೋಗಿ ಮೇಡಂ ಅವರ ಕನ್ನಡಕಕ್ಕೆ ಬಡಿಯಿತು. "ಗುರಿ ಚೆನ್ನಾಗಿದೆ ಗುರು!" ಎಂದರು ಅವರು. ಅಂದು ತಾರಸಿ ಹಾರಿಹೋಗುವಷ್ಟು ನಕ್ಕೆವು. ತಿಂಗಳುಗಟ್ಟಲೆ ನಗದೆ ಇದ್ದವರು ನಾವು.

ಹೊರಗಿನ ಸುದ್ದಿ ಮಾತ್ರ ಚೆನ್ನಾಗಿರಲಿಲ್ಲ. ಇಂಗ್ಲೆಂಡಿನಿಂದ ಹೊಸ ತಳಿಯ ವೈರಸ್ ಬಂದಿದೆಯೆಂದು ಟಿ.ವಿ.ಗಳು ಕೂಗಿದವು, ಸರ್ಕಾರ ರಾತ್ರಿ ಕರ್ಫ್ಯೂ ಘೋಷಿಸಿ, ಮರುದಿನವೇ ಹಿಂತೆಗೆದುಕೊಂಡಿತು. ವರ್ಷದ ಕೊನೆಯ ವಾರದಲ್ಲಿ ಸುನೀಲನಿಗೆ ಜ್ವರ ಬಂತು. ಪರೀಕ್ಷೆಯಲ್ಲಿ ಸೋಂಕು ಖಚಿತವಾಯಿತು. ಅಡುಗೆಯವನಿಗೇ ಸೋಂಕು! ಅವನು ಮುಖ ಮುಚ್ಚಿಕೊಂಡು ಮೇಲಿನ ಮಹಡಿಗೆ ಹತ್ತಿ ಹೋಗುತ್ತ, "ಮೇಡಂ, ನನ್ನಿಂದ ಎಲ್ರೂ ಬೀದಿಗ್ ಬೀಳ್ತಾರೆ" ಎಂದು ಬಿಕ್ಕಿದ. "ಬೀದೀಗ್ ಯಾಕ್ ಬೀಳ್ತಾರೆ, ನಾನಿಲ್ವಾ? ನೀನ್ ಬಿಸಿನೀರ್ ಕುಡಿ, ಮಲ್ಕೋ" ಎಂದು ಅವರು ಮೆಟ್ಟಿಲ ಕೆಳಗಿನಿಂದ ಗದರಿದರು. ಆಮೇಲೆ ತಾವೇ ಮುನಿಕೆಂಪಮ್ಮನವರ ಮನೆಯ ಗೇಟಿನ ಹೊರಗೆ ನಿಂತು ವಿಷಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು.

ಮರುದಿನ ಬೆಳಿಗ್ಗೆ ವಿಜಯ್ ಕುಮಾರ್ ಅವರ ಬೈಕು ನಮ್ಮ ಕಟ್ಟಡದ ಮುಂದೆ ನಿಂತಾಗ ಕಿಟಕಿಗಳಲ್ಲಿ ನಾವೆಲ್ಲ ಸಾಲುಗಟ್ಟಿದೆವು. ಮುಗಿಯಿತು ಎಂದೇ ತಿಳಿದೆವು. ಕಾಶ್ಮೀರದ ಅಕ್ಕತಂಗಿಯರು ಬ್ಯಾಗು ಕೂಡ ತೆಗೆದಿದ್ದರು. ವಿಜಯ್ ಕುಮಾರ್ ಬೈಕಿನಿಂದ ಇಳಿದು ಒಂದು ಚೀಲವನ್ನು ಕಾಂಪೌಂಡಿನ ಮೇಲಿಟ್ಟರು.

"ಅಕ್ಕ, ಇದ್ರಾಗೆ ಆಕ್ಸಿಮೀಟ್ರು ಐತೆ. ಅಪ್ಪಂಗೆ ಅಂತ ತಂದಿದ್ದು, ತಂದಾಗ್ಲೇ ತಡ ಆಗಿತ್ತು. ಆ ಹುಡುಗನ್ ಬೆರ್ಳಿಗ್ ಆಕಿ ಮೂರೊತ್ತೂ ನೋಡು. ತೊಂಬತ್ನಾಕಕ್ ಕೆಳಗ್ ಬಂದ್ರೆ ನಂಗ್ ಫೋನ್ ಮಾಡು, ಕಾರ್ ತರ್ತೀನಿ."

ಮೇಡಂ ಆ ಚೀಲವನ್ನು ಎತ್ತಿಕೊಂಡು ನೇರ ಮೇಲಿನ ಮಹಡಿಯ ಮೆಟ್ಟಿಲಿಗೆ ನಡೆದರು. ಸುನೀಲನ ಆಮ್ಲಜನಕ ಒಮ್ಮೆಯೂ ಕುಸಿಯಲಿಲ್ಲ. ಬೇರೆ ಯಾರಿಗೂ ಸೋಂಕು ಹರಡಲಿಲ್ಲ. ಅವನು ಮೇಲಿನ ಮಹಡಿಯ ಕಿಟಕಿಯಿಂದಲೇ ಕೆಳಗಿನ ಅಡುಗೆಮನೆಗೆ ಕೂಗಿ ಕೂಗಿ ಒಗ್ಗರಣೆಯ ಸೂಚನೆ ಕೊಡುತ್ತಿದ್ದ. ಜನವರಿ ಮೊದಲ ವಾರ ಕಳೆಯುವ ಹೊತ್ತಿಗೆ ಮತ್ತೆ ಸೌಟು ಹಿಡಿದ.

ಅವನು ಕೆಳಗಿಳಿದ ಸಂತೋಷಕ್ಕೋ ಏನೋ, ಮುನಿಕೆಂಪಮ್ಮನವರು ಸೀಮಂತದ ಮಾತೆತ್ತಿದರು. ನಮ್ಮಲ್ಲಿ ಏಳನೆಯ ತಿಂಗಳಿನಲ್ಲಿ ಇಂಥದೇ ಒಂದು ಶಾಸ್ತ್ರವಿದೆ, ಸತ್ವಾಸ ಎನ್ನುತ್ತೇವೆ; ಬೀದರಿನಲ್ಲಿ ಅಮ್ಮ ಸಿದ್ಧಮಾಡಿಕೊಂಡಿದ್ದಾಗಲೇ ಹಡಗು ಸಿಕ್ಕಿಕೊಂಡ ಸುದ್ದಿ ಬಂದು ಅದು ನಿಂತುಹೋಗಿತ್ತು. ನಾನು ಅದನ್ನು ಹೇಳಿದಾಗ ಮೇಡಂ, "ಹಾಗಾದ್ರೆ ನಿಮ್ಮಮ್ಮನ್ನೇ ಕೇಳೋಣ, ಅವ್ರು ಹೇಳ್ದಂಗ್ ಮಾಡೋದು" ಎಂದು ಟಿ.ವಿ.ಯಲ್ಲಿ ಅಮ್ಮನನ್ನು ಕರೆದರು. ಜ್ವರದಿಂದ ಎದ್ದು ಸೊರಗಿದ್ದ ಅಮ್ಮ ದಿಂಬಿಗೆ ಒರಗಿ ಕೂತು ಒಂದೊಂದಾಗಿ ಹೇಳಿದರು. ಸತೀಶ್ ಆರ್.ಟಿ. ನಗರಕ್ಕೆ ಹೋಗಿ ಹಸಿರು ಬಳೆ, ಮಲ್ಲಿಗೆ, ಒಣಹಣ್ಣು ತಂದರು. ತಾರಸಿಯಲ್ಲಿ ನನ್ನನ್ನು ಕೂರಿಸಿ ಮಡಿಲಿಗೆ ಹಣ್ಣು ತುಂಬಿದರು. ಹಿತುಕಿದ ಬೇಳೆಯ ಸಾರೂ, ಸುನೀಲ್ ಮಾಡಿದ ಶಾವಿಗೆ ಪಾಯಸವೂ, ಮಣಿಪುರದವರ ಯಾವುದೋ ಸೊಗಸಾದ ಸೊಪ್ಪಿನ ಪಲ್ಯವೂ ಒಂದೇ ಎಲೆಯಲ್ಲಿ ಕೂಡಿದವು. ಹಡಗಿನ ಇಂಟರ್‌ನೆಟ್ಟು ಕೈಕೊಡುತ್ತಲೇ ಇತ್ತು. ಕೊನೆಗೊಮ್ಮೆ ರಹಮತುಲ್ಲಾ ಅವರ ಮುಖ ಪರದೆಯ ಮೇಲೆ ಮೂಡಿತು. ಅಷ್ಟು ಜನ, ಅಷ್ಟು ಹೂವು ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇವ್ರೆಲ್ಲ ಯಾರು?" ಉತ್ತರ ಹೇಳುವ ಮೊದಲೇ ಸಂಪರ್ಕ ಕಡಿದುಹೋಯಿತು. ಇಡೀ ತಾರಸಿ ಒಟ್ಟಿಗೆ "ನಾವು!" ಎಂದು ಕೂಗಿತು.

ಹೆರಿಗೆಗೆ ವೈದ್ಯರು ಕೊಟ್ಟಿದ್ದ ದಿನ ಜನವರಿಯ ಕೊನೆಗಿತ್ತು. ಕೂಸು ಕಾಯಲಿಲ್ಲ. ಸಂಕ್ರಾಂತಿಯ ಹಿಂದಿನ ದಿನ, ಬೆಳಗಿನ ತಿಂಡಿಯ ಹೊತ್ತಿಗೆ ನನಗೆ ನೋವು ಕಾಣಿಸಿಕೊಂಡಿತು. ವ್ಯಾನು ಪುಸ್ತಕಗಳಿಗೆ ಹೋಗಿತ್ತು. ಮೇಡಂ ಫೋನ್ ಮಾಡಿದ್ದೇ ತಡ, ವಿಜಯ್ ಕುಮಾರ್ ಅವರ ಕಾರು ಗೇಟಿಗೆ ಬಂತು. ಮುನಿಕೆಂಪಮ್ಮನವರು ಅಂಗಳದಿಂದ ಓಡಿ ಬಂದು, "ಯೆದ್ರುಕೋಬ್ಯಾಡ ಕಣವ್ವ, ನಾನ್ ಐದ್ ಎತ್ತಿವ್ನಿ!" ಎಂದು ಕಾರಿನ ಕಿಟಕಿಯಿಂದ ನನ್ನ ತಲೆ ಸವರಿದರು. ಅಂಗಳದ ಗೆರೆ ಅಂದಿಗೆ ಅಳಿಸಿಹೋಯಿತು.

ಮೊದಲೇ ಹೆಸರು ಬರೆಸಿದ್ದ ಖಾಸಗಿ ಆಸ್ಪತ್ರೆಯ ಬಾಗಿಲಲ್ಲಿ ನಮ್ಮನ್ನು ತಡೆದರು. ಹಿಂದಿನ ದಿನ ಕೊಟ್ಟಿದ್ದ ನನ್ನ ಕೋವಿಡ್ ಪರೀಕ್ಷೆಯ ವರದಿ ಬಂದಿರಲಿಲ್ಲ. ವರದಿಯಿಲ್ಲದೆ ಒಳಗೆ ಬಿಡುವುದಿಲ್ಲವೆಂದರು. ವಿಜಯ್ ಕುಮಾರ್ ಕೂಗಾಡಿದರು. ಮೇಡಂ ಮಾತ್ರ ಒಂದು ಮಾತನ್ನೂ ವ್ಯರ್ಥ ಮಾಡಲಿಲ್ಲ. "ಗಂಗಾನಗರ. ವೇದಾ ಇದಾಳೆ. ನಡಿ" ಎಂದರು. ಇಂಥದು ಆದೀತೆಂದು ಗಂಗಾನಗರದ ಕಡೆಯ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲೂ ಅವರು ನನ್ನ ಹೆಸರು ಬರೆಸಿಟ್ಟಿದ್ದರು. ಡಾ. ವೇದಾ ಕೆಲಸ ಮಾಡುತ್ತಿದ್ದುದು ಅಲ್ಲೇ.

ಹೆಬ್ಬಾಳದ ಮೇಲ್ಸೇತುವೆ ಹತ್ತುವ ಮುನ್ನ ಎಲ್ಲವೂ ನಿಂತುಹೋಯಿತು. ಹಬ್ಬದ ಕಬ್ಬಿನ ಲಾರಿಯೊಂದು ಅಡ್ಡಲಾಗಿ ಕೆಟ್ಟು ನಿಂತಿತ್ತು. ಹಿಂದೆ ಮುಂದೆ ಕಾರು, ಬಸ್ಸು, ಆಟೋ, ಕಣ್ಣು ಹಾಯುವವರೆಗೂ ವಾಹನಗಳು. ನಾನು ಹಿಂದಿನ ಸೀಟಿನಲ್ಲಿ ಹಲ್ಲು ಕಚ್ಚಿಕೊಂಡಿದ್ದೆ. ಮೇಡಂ ಬಾಗಿಲು ತೆರೆದು ಇಳಿದೇಬಿಟ್ಟರು. ಹತ್ತಿಯ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಾಸ್ಕಿನ ಮೇಲೊಂದು ಪಾರದರ್ಶಕ ಮುಖಗವಸು ತೊಟ್ಟು, ನಾಡಿನ ಹೆಸರಾಂತ ಸಸ್ಯವಿಜ್ಞಾನಿ ಹೆಬ್ಬಾಳದ ರಸ್ತೆಯ ನಡುವೆ ಕೈ ಎತ್ತಿ ನಿಂತರು.

"ಏಯ್ ಆಟೋ, ಎಡಕ್ ತಗೋ! ಹೆರಿಗೆ ಕಣ್ರೀ, ಹೆರಿಗೆ! ಜಾಗ ಬಿಡಿ!"

ಒಬ್ಬ ಆಟೋದವನು ಇಳಿದು ಬಂದ. ಬೈಕಿನ ಹುಡುಗರಿಬ್ಬರು ಬಂದರು. "ಮಚ್ಚಾ, ಆ ಬಸ್ಸ್ ಹಿಂದಕ್ ತಗಿಸೋ!" "ಆಂಟಿ, ನೀವ್ ಕಾರ್ ಹತ್ರ ಹೋಗಿ, ನಾವ್ ನೋಡ್ಕೋತೀವಿ!" "ನೀವ್ ನೋಡ್ಕೊಳ್ಳಿ, ನಾನೂ ನೋಡ್ಕೋತೀನಿ!" ಎಂದರು ಮೇಡಂ. ಯಾರ್ಯಾರೋ ಸೇರಿ ಕಬ್ಬಿನ ಲಾರಿಯನ್ನು ತಳ್ಳಿದರು. ಸಂದಿ ಬಿಟ್ಟಿತು. ಮೇಡಂ ಕಾರಿನ ಮುಂದೆ ಓಡುತ್ತಲೇ ಇದ್ದರು. ಸೇತುವೆಯ ಬುಡದಲ್ಲಿ ವಿಜಯ್ ಕುಮಾರ್, "ಅಕ್ಕ, ಅತ್ತು, ಅತ್ತು!" ಎಂದು ಕೂಗಿದಾಗ ಏದುಸಿರಿನಲ್ಲಿ ಹತ್ತಿ ಕೂತು ನನ್ನ ಕೈ ಹಿಡಿದರು. ನೋವಿನ ನಡುವೆಯೂ ನನಗೆ ನಗು ಬಂದುಬಿಟ್ಟಿತು. "ನಗು, ನಗು, ಒಳ್ಳೇದು" ಎಂದರು.

ಮಧ್ಯಾಹ್ನದ ಮೊದಲೇ ಮಗಳು ಹುಟ್ಟಿದಳು. ಡಾ. ವೇದಾ ಹೊರಗೆ ಬಂದು ಸುದ್ದಿ ಹೇಳಿದಾಗ ವಿಜಯ್ ಕುಮಾರ್ ಅವರು ಆಸ್ಪತ್ರೆಯ ಕಟ್ಟೆಯ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತರಂತೆ. "ಅಕ್ಕ, ಆಸ್ಪತ್ರೆಯಿಂದ ಒಳ್ಳೆ ಸುದ್ದಿ ಕೇಳಿ ಎಷ್ಟ್ ದಿನ ಆಗಿತ್ತು" ಎಂದರಂತೆ. ಮೇಡಂ ತಾವೂ ಅವರ ಪಕ್ಕದಲ್ಲೇ ಕೂತರಂತೆ. ಅಂದು ಸಂಜೆ ಚಿಕ್ಕಜಾಲದ ತಾರಸಿಯಲ್ಲಿ ಸುನೀಲ್ ಹಂಚಿದ ಎಳ್ಳುಬೆಲ್ಲಕ್ಕೆ ಬೀದಿಯವರೂ ಬಂದು ಕೈಯೊಡ್ಡಿದರೆಂದು ಆಮೇಲೆ ಕೇಳಿದೆ.

ಅಪ್ಪ ಗುಣವಾಗಿ ಮನೆಗೆ ಬಂದರು. ಅಮ್ಮ ಫೆಬ್ರವರಿಯಲ್ಲಿ ಬಂದು ನನ್ನನ್ನೂ ಮಗುವನ್ನೂ ಕರೆದೊಯ್ದರು. ರಹಮತುಲ್ಲಾ ಮಾರ್ಚಿನಲ್ಲಿ ದಡ ಸೇರಿದರು. ಮಗಳಿಗೆ ಮೇಡಂ ಅವರ ಹೆಸರನ್ನೇ ಇಡಬೇಕೆಂದು ನನ್ನ ಆಸೆಯಿತ್ತು. "ಬೇಡಪ್ಪ, ನನ್ ಹೆಸ್ರು ಬ್ಯಾಂಕಿನ್ ಥರ ಇದೆ" ಎಂದು ನಕ್ಕು ತಳ್ಳಿಹಾಕಿದರು. ಅವಳು ಸಬಾ ಆದಳು, ಅಂದರೆ ಮುಂಜಾವಿನ ತಂಗಾಳಿ. ಈಗ ಶಾಲೆಗೆ ಹೋಗುತ್ತಾಳೆ, ಚಿಕ್ಕಜಾಲದ ಅಜ್ಜಿಯ ಹಾಗೇ "ಇಂಗೆ, ಅಂಗೆ" ಎನ್ನುತ್ತಾಳೆ. ಭಾಷಾವಿಜ್ಞಾನಿಯಾದ ಅವಳ ತಾಯಿಗೆ ಅದನ್ನು ತಿದ್ದುವ ಮನಸ್ಸಿಲ್ಲ.

ಧನಲಕ್ಷ್ಮಿಯವರು ಅಷ್ಟಕ್ಕೇ ಬಿಡಲಿಲ್ಲ. ಒಂದು ರಜೆಯ ಏರ್ಪಾಡು ಒಬ್ಬರ ಛಲದ ಮೇಲೆ ನಿಲ್ಲಬಾರದೆಂದು ಮುಂದಿನ ಎರಡು ವರ್ಷ ಸಭೆಯಿಂದ ಸಭೆಗೆ ಅಲೆದು, ಪ್ರತಿ ರಜೆಯಲ್ಲೂ ಒಂದು ಹಾಸ್ಟೆಲು, ಒಂದು ಅಡುಗೆಮನೆ ತೆರೆದಿರಲೇಬೇಕೆಂಬ ನಿಯಮವನ್ನು ಮಾಡಿಸಿದರು. ಎರಡನೆಯ ಅಲೆಯ ಭೀಕರ ದಿನಗಳಲ್ಲಿ ಆ ನಿಯಮ ಇನ್ನೂ ಕಾಗದದ ಮೇಲಿತ್ತು, ಆದರೆ ಚಿಕ್ಕಜಾಲದ ಆ ಕಟ್ಟಡ ಆಗಲೇ ತೆರೆದಿತ್ತು. ಈ ಸಲ ಬೀಗದ ಕೈಯನ್ನು ವಿಜಯ್ ಕುಮಾರ್ ಅವರೇ ವಿಶ್ವವಿದ್ಯಾಲಯಕ್ಕೆ ತಂದು ಕೊಟ್ಟಿದ್ದರು. ಅಂದು ಆ ಮನೆಯಲ್ಲಿದ್ದವರಲ್ಲಿ ಒಬ್ಬರು ಇಂದು ನೇಪಾಳದಲ್ಲಿ ಉಪನ್ಯಾಸಕರು, ಕಾಶ್ಮೀರದ ಅಕ್ಕತಂಗಿಯರಲ್ಲಿ ದೊಡ್ಡವಳು ವಿಜ್ಞಾನಿ, ಸುನೀಲ್ ಚಿಕ್ಕಬಾಣಾವರದಲ್ಲಿ ಶಾಲಾ ಶಿಕ್ಷಕ. ಮನೆಗೆ ಹೋಗುವುದಿಲ್ಲ ಎಂದಿದ್ದ ಹುಡುಗಿಗೆ ಈಗ ತನ್ನದೇ ಮನೆಯಿದೆ, ಯಲಹಂಕದಲ್ಲಿ. ಗೃಹಪ್ರವೇಶಕ್ಕೆ ಅವಳು ಕರೆದ ಹಿರಿಯರು ಮೇಡಂ ಒಬ್ಬರೇ.

ನಾನು ಈಗ ಇದೇ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕಿ. ಈ ವರ್ಷದಿಂದ ವಿದ್ಯಾರ್ಥಿ ಕ್ಷೇಮಪಾಲನೆಯ ಹೊಣೆ ನನ್ನ ಹೆಗಲಿಗೆ ಬಂದಿದೆ. ಅವರು ನಿವೃತ್ತರಾದ ದಿನ ಅವರ ಕೊಠಡಿಯಲ್ಲಿ ನಾನು ಅಳುಕುತ್ತ ನಿಂತಿದ್ದಾಗ, "ಮೇಡಂ, ನನ್ನಿಂದ ಆಗುತ್ತಾ?" ಎಂದು ಕೇಳಿದೆ. "ಆಗ್ದೆ ಏನು? ಕಷ್ಟ ಅನ್ಸಿದ್ರೆ ಫೋನ್ ಮಾಡು. ನಾನೇನ್ ಅಮೆರಿಕಾಕ್ ಹೋಗ್ತಿದೀನಾ, ಚಿಕ್ಕಜಾಲಕ್ ತಾನೆ" ಎಂದು, ಕುರ್ಚಿಯನ್ನು ನನ್ನ ಕಡೆ ತಳ್ಳಿ, ಚೀಲ ಹೆಗಲಿಗೇರಿಸಿ ಹೊರಟರು. ಅವರ ಪಾಲಿಗೆ ಉಳಿದಿರುವ ತುಂಡು ತೋಟದಲ್ಲಿ ನೀಲಿ ದ್ರಾಕ್ಷಿಯ ಹೊಸ ಸಸಿಗಳನ್ನು ನೆಟ್ಟಿದ್ದಾರಂತೆ. ಸುತ್ತಲಿನ ಶಾಲೆಗಳ ಮಕ್ಕಳಿಗೆ ಅಲ್ಲೇ ಪಾಠ ಹೇಳುವ ಯೋಚನೆಯೂ ಇದೆಯಂತೆ.

ಪೂಜ್ಯ ಮೇಡಂ, ತಮ್ಮ ಬಳ್ಳಿಗಳು ಚಪ್ಪರಕ್ಕೆ ಹಬ್ಬಲಿ, ತಮ್ಮ ಧ್ವನಿ ಹೆಬ್ಬಾಳದಲ್ಲಿ ಕೇಳಿಸಿದಷ್ಟೇ ಗಟ್ಟಿಯಾಗಿರಲಿ, ಆರೋಗ್ಯವೂ ಆಯಸ್ಸೂ ತಮ್ಮ ಉತ್ಸಾಹಕ್ಕೆ ಸಮನಾಗಿ ಬೆಳೆಯಲಿ. ವಿಶೇಷವಾಗಿ, ತಮ್ಮ ಮಂಡಿಗಳು ಬಲವಾಗಿರಲೆಂದು ಪ್ರಾರ್ಥಿಸುತ್ತೇನೆ. ಬರುವ ರಜೆಯಲ್ಲಿ ಊರಿಗೆ ಹೋಗಲಾಗದ ಮಕ್ಕಳು ಈಗಾಗಲೇ ನನ್ನ ಕೊಠಡಿಗೆ ಬರಲು ಶುರುಮಾಡಿದ್ದಾರೆ, ನಮ್ಮ ಹಾಸ್ಟೆಲಿಗೆ ಲಿಫ್ಟಿಲ್ಲ, ಮತ್ತು ನಾಳೆ ಬೆಳಿಗ್ಗೆಯೇ ನಾನು ತಮಗೆ ಫೋನ್ ಮಾಡುವವಳಿದ್ದೇನೆ.